ಎಂಟೆಬೆಯ ಹಳೆಯ ನಿಲ್ದಾಣ

ವಿಕ್ಟೋರಿಯಾವನ್ನು ಸರೋವರವೆಂದು ಕರೆಯುವುದು ಭೂಗೋಳಶಾಸ್ತ್ರದ ಮರ್ಯಾದೆಗಾಗಿ ಮಾತ್ರ. 68,000 ಚದರ ಕಿಲೋಮೀಟರುಗಳಿಗೂ ಮೀರಿ ಹರಡಿದ ಆ ಜಲರಾಶಿ ಕಣ್ಣಿಗೆ ಕಡಲೇ ಸರಿ. ಅದರ ಉತ್ತರ ತೀರದಲ್ಲಿ, ನೀರಿನೊಳಕ್ಕೆ ಚಾಚಿದ ನೆಲದ ಮೇಲೆ ಉಗಾಂಡದ ಎಂಟೆಬೆ ನಗರವಿದೆ. ಭೂಮಧ್ಯರೇಖೆ ಕೆಲವೇ ಕಿಲೋಮೀಟರುಗಳ ಆಚೆಗಿದ್ದರೂ, ಊರು ನಮ್ಮ ಬೆಂಗಳೂರಿಗಿಂತ ಎತ್ತರದಲ್ಲಿರುವುದರಿಂದ ಬಿಸಿಲಿನ ಬೇಗೆ ಅಷ್ಟಾಗಿ ಕಾಡದು. ಲುಗಾಂಡ ಭಾಷೆಯಲ್ಲಿ ಈ ಹೆಸರಿಗೆ ಪೀಠವೆಂದೇ ಅರ್ಥ. ಬ್ರಿಟಿಷರೂ ತಮ್ಮ ಆಡಳಿತಪೀಠವನ್ನು ಇಲ್ಲಿಯೇ ಸ್ಥಾಪಿಸಿದರು. 1898ರಲ್ಲಿ ಸೊಗಸಾದ ಸಸ್ಯೋದ್ಯಾನವೊಂದನ್ನೂ ಬೆಳೆಸಿದರು.

ಆದರೆ ಎಂಟೆಬೆಯ ಹೆಸರು ಲೋಕಕ್ಕೆ ಪರಿಚಯವಾದದ್ದು ಉದ್ಯಾನದಿಂದಲ್ಲ, ವಿಮಾನ ನಿಲ್ದಾಣದ ಹಳೆಯ ಕಟ್ಟಡದಿಂದ. 1976ರ ಜೂನ್ 27ರಂದು ಅಥೆನ್ಸಿನಿಂದ ಪ್ಯಾರಿಸ್ಸಿಗೆ ಹೊರಟ ಏರ್ ಫ್ರಾನ್ಸ್ ವಿಮಾನವನ್ನು ಇಬ್ಬರು ಪ್ಯಾಲೆಸ್ತೀನಿಯರೂ ಇಬ್ಬರು ಜರ್ಮನರೂ ಅಪಹರಿಸಿ, ಮರುದಿನ ಇಲ್ಲಿಗೆ ತಂದಿಳಿಸಿದರು. ಆಗಿನ ಅಧ್ಯಕ್ಷ ಇದಿ ಅಮೀನ್ ಅವರಿಗೆ ಆಶ್ರಯವಿತ್ತನು. ಸೆರೆಯಲ್ಲಿದ್ದ 53 ಮಂದಿಯನ್ನು ಬಿಡಬೇಕೆಂಬುದು ಅಪಹರಣಕಾರರ ಬೇಡಿಕೆ. ಇಸ್ರೇಲಿನವರನ್ನು ಬೇರ್ಪಡಿಸಿ ಉಳಿದವರಲ್ಲಿ ಹೆಚ್ಚಿನವರನ್ನು ಬಿಟ್ಟಾಗ, ಫ್ರೆಂಚ್ ಕಪ್ತಾನ ಮಿಷೆಲ್ ಬಾಕೋಸ್ ಮತ್ತು ಆತನ ಸಿಬ್ಬಂದಿ ತಮ್ಮ ಪ್ರಯಾಣಿಕರನ್ನು ತೊರೆದು ಹೋಗಲೊಪ್ಪಲಿಲ್ಲ.

ಒತ್ತೆಯಾಳುಗಳನ್ನು ಕೂಡಿಹಾಕಿದ್ದ ಕಟ್ಟಡವನ್ನು ಹಿಂದೆ ಕಟ್ಟಿದ್ದು ಇಸ್ರೇಲಿನದೇ ಒಂದು ಸಂಸ್ಥೆ! ಹೀಗಾಗಿ ಅದರ ವಿನ್ಯಾಸ ಇಸ್ರೇಲಿಗರಿಗೆ ತಿಳಿದಿತ್ತು. ಬಿಡುಗಡೆಗೊಂಡವರು ಕಾವಲಿನ ವಿವರಗಳನ್ನು ಹೇಳಿದರು. ಜುಲೈ 3ರ ರಾತ್ರಿ ನಾಲ್ಕು ಹರ್ಕ್ಯುಲಿಸ್ ವಿಮಾನಗಳು ಸುಮಾರು 4,000 ಕಿಲೋಮೀಟರು ಹಾರಿ ಬಂದಿಳಿದವು. ಮೊದಲನೆಯದರ ಒಡಲಿನಿಂದ ಕಪ್ಪು ಮರ್ಸಿಡಿಸ್ ಕಾರೊಂದು ಹೊರಬಂದಿತು. ಅಧ್ಯಕ್ಷನ ವಾಹನವೆಂದು ಕಾವಲುಗಾರರು ಭ್ರಮಿಸಲೆಂಬುದು ಉಪಾಯ. ಅದು ಪೂರ್ಣವಾಗಿ ಫಲಿಸದೆ ದಾರಿಯಲ್ಲಿಯೇ ಗುಂಡು ಹಾರಿದರೂ, ಸೈನಿಕರು ಒಳನುಗ್ಗಿ, ನೆಲಕ್ಕೆ ಮಲಗಿರೆಂದು ಹೀಬ್ರೂ ಭಾಷೆಯಲ್ಲಿ ಕೂಗುತ್ತ ಅಪಹರಣಕಾರರನ್ನು ಕೊಂದರು. ನೂರಕ್ಕೂ ಹೆಚ್ಚು ಮಂದಿ ಬದುಕುಳಿದರು. ಮೂವರು ಒತ್ತೆಯಾಳುಗಳೂ, ದಾಳಿಯ ಮುಂಚೂಣಿಯ ಅಧಿಕಾರಿ ಯೋನಾತನ್ ನೆತನ್ಯಾಹುವೂ, ಹಲವಾರು ಉಗಾಂಡ ಸೈನಿಕರೂ ಮಡಿದರು.

ಈ ಸಾಹಸವನ್ನು ಹೊಗಳುವಾಗ ಆ ರಾತ್ರಿ ಅಲ್ಲಿರದಿದ್ದ ಒಬ್ಬಾಕೆಯನ್ನು ನೆನೆಯದಿರಲಾಗದು. ಎಪ್ಪತ್ತು ದಾಟಿದ ಡೋರಾ ಬ್ಲಾಕ್ ಎಂಬ ವೃದ್ಧೆಗೆ ಗಂಟಲಲ್ಲಿ ಆಹಾರ ಸಿಕ್ಕಿಕೊಂಡುದರಿಂದ ಆಕೆಯನ್ನು ಕಂಪಾಲದ ಮುಲಾಗೋ ಆಸ್ಪತ್ರೆಗೆ ಒಯ್ದಿದ್ದರು. ವಿಮಾನಗಳು ಮರಳಿದ ಮೇಲೆ ಬ್ರಿಟಿಷ್ ರಾಜತಂತ್ರಾಧಿಕಾರಿಯೊಬ್ಬರು ಆಕೆಯನ್ನು ಅಲ್ಲಿ ಕಂಡಿದ್ದರು. ಅನಂತರ ಅಮೀನನ ಕಡೆಯವರು ಆಕೆಯನ್ನು ಎಳೆದೊಯ್ದು ಕೊಂದರು. ಅಮೀನನ ಪತನದ ತರುವಾಯ, 1979ರಲ್ಲಿ ಅಸ್ಥಿ ದೊರೆಯಿತು. ರಕ್ಷಕರ ವಿಮಾನಗಳಿಗೆ ನೈರೋಬಿಯಲ್ಲಿ ಇಂಧನ ದೊರೆತುದರ ಸೇಡಿಗೆ, ಉಗಾಂಡದಲ್ಲಿ ನೆಲೆಸಿದ್ದ ನೂರಾರು ಮಂದಿ ಕೀನ್ಯದವರೂ ಬಲಿಯಾದರು.

ಬಂಧಿತರು ಎಲ್ಲಿರುವರೆಂಬುದು ತಿಳಿದಾಗ ಸೈನ್ಯ ಅಲ್ಲಿಗೆ ತಲುಪಬಲ್ಲುದು. ಆ ಗೋಡೆಗಳಾಚೆ ಉಳಿದವರನ್ನು ಮಾತ್ರ ಅದು ಅಪಹರಣಕಾರರ ಆಶ್ರಯದಾತನ ಕೈಯಲ್ಲಿಯೇ ಬಿಟ್ಟು ಬರಬೇಕಾಗುತ್ತದೆ. 2016ರ ಜುಲೈ 4ರಂದು, ನಲವತ್ತನೆಯ ವರ್ಷದ ಸ್ಮರಣೆಗಾಗಿ ಯೋನಾತನ್‌ನ ತಮ್ಮ, ಪ್ರಧಾನಿ ಬೆಂಜಮಿನ್ ನೆತನ್ಯಾಹು ಇದೇ ಹಳೆಯ ನಿಲ್ದಾಣಕ್ಕೆ ಬಂದನು. ಎಂಟೆಬೆಗೆ ಹೋಗುವ ಪ್ರವಾಸಿಗರು ಸರೋವರದ ಸೊಬಗನ್ನೂ ಈ ನಿಲ್ದಾಣವನ್ನೂ ನೋಡಿದ ಬಳಿಕ, ಕಂಪಾಲದ ಮುಲಾಗೋ ಆಸ್ಪತ್ರೆಯ ಮುಂದೆಯೂ ಒಂದು ಗಳಿಗೆ ನಿಲ್ಲುವುದು ಉಚಿತ.