ಧನಗೆರೆಯ ದಾರಿ, ಹಾರ್ನಿನ ದನಿ

ಬೆಳಗಿನ ಎಂಟು ಗಂಟೆ. ಕೊಳ್ಳೇಗಾಲ ಸೀಮೆಯ ಧನಗೆರೆಯಂಥ ಊರುಗಳಿಂದ ಪಟ್ಟಣಕ್ಕೆ ಹೊರಟ ದಾರಿಗಳೆಲ್ಲ ಆಗಲೇ ಮೈಮುರಿದು ಎದ್ದಿರುತ್ತವೆ. ಹಾಲಿನ ಕ್ಯಾನು ತೂಗುಹಾಕಿಕೊಂಡ ಮೊಪೆಡ್ಡು, ಕಬ್ಬು ಹೇರಿಕೊಂಡು ಬಳುಕುತ್ತ ಸಾಗುವ ಟ್ರ್ಯಾಕ್ಟರು, ಮೇಯಲು ಹೊರಟ ಎಮ್ಮೆ, ಸಮವಸ್ತ್ರ ತೊಟ್ಟು ಬಸ್ಸಿಗೆ ಕಾದು ನಿಂತ ಮಕ್ಕಳು. ಇವರೆಲ್ಲರ ನಡುವೆ ನುಸುಳುತ್ತದೆ ಕಾಲೇಜು ಹುಡುಗನ ಬೈಕು. ಅವನ ಎಡಗೈ ಹೆಬ್ಬೆರಳು ಹಾರ್ನಿನ ಗುಂಡಿಯ ಮೇಲೇ ಇರುತ್ತದೆ.

ಒತ್ತಿದರೆ ‘ಪೀ’ ಎನ್ನುವ ಕೀರಲು ದನಿ. ಮುಂದಿನ ಟ್ರ್ಯಾಕ್ಟರಿನವನಿಗೆ ಅದು ಕೇಳಿಸುವುದಿಲ್ಲ. ಅವನ ಕಿವಿಯ ತುಂಬ ಎಂಜಿನ್ನಿನ ಗುಡುಗು, ಅದರ ಮೇಲೆ ಸ್ಪೀಕರಿನ ಹಾಡು. ಹುಡುಗ ಅಂದೇ ನಿಶ್ಚಯಿಸಿಬಿಡುತ್ತಾನೆ: ಜೋಡಿ ಹಾರ್ನು ಹಾಕಿಸಲೇಬೇಕು! ಸಂಜೆ ಮನೆಯಲ್ಲಿ ಬೇಡಿಕೆ ಮಂಡನೆ. “ಇರೋ ಹಾರ್ನಿಗೆ ಏನಾಗದೆಲಾ ಮಗ?” ಎಂದು ಅಪ್ಪನ ಪ್ರಶ್ನೆ. “ಯಾರ್ಗೂ ಕೇಳಲ್ಲ ಕಣಪ್ಪ” ಎಂದು ಮಗನ ಉತ್ತರ.

ಹಳ್ಳಿ ಹಳ್ಳಿಯಲ್ಲೂ ನಡೆಯುವ ಮಾತುಕತೆ ಇದು. ಅಪ್ಪ, ಮಗ ಇಬ್ಬರ ಮಾತಿನಲ್ಲೂ ಹುರುಳಿದೆ.

ದನಿಗಳ ಸೀಮೆ

ಕೊಳ್ಳೇಗಾಲ ದಾರಿಗಳು ಕೂಡುವ ಊರು. ಒಂದು ದಾರಿ ಸತ್ತೇಗಾಲದ ಮೇಲೆ ಶಿವನಸಮುದ್ರ, ಮಳವಳ್ಳಿಗಳ ಕಡೆಗೆ. ಇನ್ನೊಂದು ಯಳಂದೂರಿನ ಮೇಲೆ ಚಾಮರಾಜನಗರಕ್ಕೆ. ಮತ್ತೊಂದು ಹನೂರನ್ನು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ. ಮಗದೊಂದು ತಿರುಮಕೂಡಲು ನರಸೀಪುರದ ಮೂಲಕ ಮೈಸೂರಿಗೆ. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಸೀಮೆ, ರಾಜ್ಯಗಳ ಪುನರ್‌ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾಯಿತು.

ಈ ದಾರಿಗಳಿಗೆ ಹಾರ್ನು ಬರುವ ಮುಂಚೆಯೂ ದನಿಯಿತ್ತು. ಎತ್ತಿನ ಕೊರಳ ಗಂಟೆಯೇ ಗಾಡಿಯ ಹಾರ್ನು. ಕತ್ತಲಲ್ಲಿ ಎದುರಿನಿಂದ ಗಾಡಿ ಬರುತ್ತಿದೆ ಎಂಬುದನ್ನು ಗೆಜ್ಜೆಯ ಸದ್ದೇ ಹೇಳುತ್ತಿತ್ತು. ಮಾದಪ್ಪನ ಪರಸೆಗೆ ಹೊರಟವರ ‘ಉಘೇ ಉಘೇ’ ಕೂಗು, ಕಂಸಾಳೆಯ ಕಂಚಿನ ನಾದ ಫರ್ಲಾಂಗು ದೂರದಿಂದಲೇ ಜನರಿಗೆ ಸುದ್ದಿ ಮುಟ್ಟಿಸುತ್ತಿದ್ದವು. ಆ ದನಿಗಳು ‘ನಾವು ಬರುತ್ತಿದ್ದೇವೆ’ ಎನ್ನುತ್ತಿದ್ದವೇ ಹೊರತು ‘ನೀನು ತೊಲಗು’ ಎನ್ನುತ್ತಿರಲಿಲ್ಲ.

ಸತ್ತೇಗಾಲದ ಆಚೆಗಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಕೆಲವೇ ವರ್ಷಗಳಲ್ಲಿ, 1908ರ ಸುಮಾರಿಗೆ, ದೂರದ ಅಮೆರಿಕದಲ್ಲಿ ಅದೇ ವಿದ್ಯುತ್ತಿನಿಂದ ಕಿರುಚುವ ‘ಕ್ಲಾಕ್ಸನ್’ ಹಾರ್ನು ಮಾರಾಟಕ್ಕೆ ಬಂತು. ಅದನ್ನು ರೂಪಿಸಿದ ಮಿಲ್ಲರ್ ರೀಸ್ ಹಚಿಸನ್, ಅದಕ್ಕೂ ಮೊದಲೇ ಕಿವುಡರಿಗಾಗಿ ವಿದ್ಯುತ್ ಶ್ರವಣ ಸಾಧನ ತಯಾರಿಸಿದ್ದವನು. ‘ತನ್ನ ಶ್ರವಣ ಸಾಧನಕ್ಕೆ ಗಿರಾಕಿಗಳು ಸಿಗಲಿ ಎಂದೇ ಜನರನ್ನು ಕಿವುಡರನ್ನಾಗಿಸುವ ಹಾರ್ನು ಮಾಡಿದ’ ಎಂಬ ತಮಾಷೆ ಇಂದಿಗೂ ಪ್ರಚಲಿತ. ತಮಾಷೆಯ ಒಳಗೊಂದು ಎಚ್ಚರಿಕೆಯೂ ಅಡಗಿದೆ.

ಹಾರ್ನಿನ ಹೊಟ್ಟೆಯೊಳಗೆ

ಇಂದಿನ ಬೈಕುಗಳ ಹಾರ್ನು ಬಿಚ್ಚಿ ನೋಡಿದರೆ ಹೈಸ್ಕೂಲಿನ ವಿಜ್ಞಾನ ಪಾಠವೇ ಕಣ್ಣಮುಂದೆ ನಿಲ್ಲುತ್ತದೆ. ಶಾಲೆಯ ವಿದ್ಯುತ್ ಗಂಟೆಯದೂ ಇದೇ ತತ್ವ. ಒಳಗೊಂದು ತಂತಿ ಸುರುಳಿ, ಅದರೆದುರು ತೆಳುವಾದ ಉಕ್ಕಿನ ಪೊರೆ. ಗುಂಡಿ ಒತ್ತಿದಾಗ ಸುರುಳಿ ಅಯಸ್ಕಾಂತವಾಗಿ ಪೊರೆಯನ್ನು ಎಳೆಯುತ್ತದೆ. ಎಳೆದ ಮರುಕ್ಷಣ ಒಳಗಿನ ಸಂಪರ್ಕ ಕಡಿದು ಪೊರೆ ಹಿಂದಕ್ಕೆ ಚಿಮ್ಮುತ್ತದೆ; ಸಂಪರ್ಕ ಮತ್ತೆ ಕೂಡಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಎಳೆದಾಟವೇ ಹಾರ್ನಿನ ದನಿ.

ಕಾಲ ಕಳೆದಂತೆ ಈ ಸಂಪರ್ಕದ ತುದಿಗಳಿಗೆ ಧೂಳು ಮೆತ್ತುತ್ತದೆ, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಆಗ ದನಿ ಒಡೆಯುತ್ತದೆ. ಹೊಸ ಹಾರ್ನು ಕೊಳ್ಳುವ ಮೊದಲು ಅಪ್ಪನ ಪ್ರಶ್ನೆಯನ್ನೇ ಮೆಕ್ಯಾನಿಕ್ಕಿಗೆ ಕೇಳಬೇಕು: ಇರುವ ಹಾರ್ನಿಗೆ ಏನಾಗಿದೆ? ಚಾರ್ಜು ತುಂಬಿದ ಬ್ಯಾಟರಿಯಿಂದ ನೇರವಾಗಿ ಹಾರ್ನಿಗೆ ಎರಡು ವೈರು ಕೊಟ್ಟು ನೋಡಿದರೆ ಉತ್ತರ ಸಿಗುತ್ತದೆ. ಹಾಗೆ ಕೊಟ್ಟಾಗ ದನಿ ಗಟ್ಟಿಯಾಗಿ ಬಂದರೆ ಹಾರ್ನು ನಿರ್ದೋಷಿ. ತಪ್ಪು ಸಡಿಲಗೊಂಡ ವೈರಿನದು, ತುಕ್ಕು ಹಿಡಿದ ಅರ್ತ್‌ನದು ಅಥವಾ ಸವೆದ ಸ್ವಿಚ್ಚಿನದು. ಆಗಲೂ ದನಿ ಸೊರಗಿದ್ದರೆ, ಹೊಂದಿಸುವ ಸ್ಕ್ರೂ ಇರುವ ಹಾರ್ನಿನಲ್ಲಿ ಅದನ್ನು ಕಾಲು ಸುತ್ತಷ್ಟೇ ಅತ್ತಿತ್ತ ತಿರುಗಿಸಿ ಕಿವಿಗೊಡಬೇಕು. ಬಹಳಷ್ಟು ‘ಸತ್ತ’ ಹಾರ್ನುಗಳು ಇಷ್ಟಕ್ಕೇ ಜೀವ ತಳೆಯುತ್ತವೆ.

ಜೋಡಿ ಹಾರ್ನಿನ ಖರ್ಚು

ಹಾಗಾದರೆ ಮಗನ ಮಾತು ಸುಳ್ಳೇ? ಅಲ್ಲ. ಬೈಕಿನ ಹಾರ್ನನ್ನು ಎರಡು ಮೀಟರ್ ದೂರದಲ್ಲಿ ಅಳೆದಾಗ 100 ಡೆಸಿಬೆಲ್ ಬಂತೆಂದು ಇಟ್ಟುಕೊಳ್ಳೋಣ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಮೀಟರಿಗೆ 94, ಎಂಟಕ್ಕೆ 88, ಹದಿನಾರಕ್ಕೆ 82, ಮೂವತ್ತೆರಡು ಮೀಟರಿಗೆ 76. ಇಷ್ಟು ದನಿ ಲಾರಿಯ ಎಂಜಿನ್ನಿನ ಸದ್ದನ್ನು ದಾಟಿ, ಕ್ಯಾಬಿನ್ನಿನ ಗಾಜು ದಾಟಿ ಚಾಲಕನ ಕಿವಿ ತಲುಪುವುದು ಕಷ್ಟವೇ. ಹೆದ್ದಾರಿಯಲ್ಲಿ ದಿನವೂ ಓಡಾಡುವವರಿಗೆ ಸ್ವಲ್ಪ ಗಟ್ಟಿ ದನಿ ಬೇಕೆನಿಸುವುದು ಸಹಜ.

ಪೇಟೆಯಲ್ಲಿ ಸಿಗುವ ಬಸವನಹುಳುವಿನ ಆಕಾರದ ಹಾರ್ನು ಜೋಡಿಯಾಗಿ ಬರುತ್ತದೆ. ಒಂದರದು ಸೆಕೆಂಡಿಗೆ ಸುಮಾರು 400 ಕಂಪನಗಳ ಮಂದ್ರ, ಇನ್ನೊಂದರದು ಸುಮಾರು 500ರ ಏರುದನಿ. ಸಂಗೀತ ಬಲ್ಲವರು ಗುರುತಿಸುತ್ತಾರೆ: ನಾಲ್ಕಕ್ಕೆ ಐದರ ಈ ಅನುಪಾತ ಷಡ್ಜಕ್ಕೂ ಅಂತರ ಗಾಂಧಾರಕ್ಕೂ ಇರುವ ನಂಟು. ಎರಡೂ ಒಟ್ಟಿಗೆ ನುಡಿದಾಗ ದನಿ ತುಂಬಿ ಬರುತ್ತದೆ, ಕೀರಲು ಎನಿಸುವುದಿಲ್ಲ.

ಆದರೆ ಹೊಟ್ಟೆಬಾಕ ಜೋಡಿ ಇದು. ಬೈಕಿನ ಮೂಲ ಹಾರ್ನು 12 ವೋಲ್ಟಿನಲ್ಲಿ ಎರಡು ಮೂರು ಆಂಪಿಯರ್ ವಿದ್ಯುತ್ ಎಳೆದರೆ, ಈ ಜೋಡಿ ಎಂಟು ಹತ್ತು ಆಂಪಿಯರ್ ಎಳೆಯಬಲ್ಲದು. ಎಂದರೆ ನೂರು ವ್ಯಾಟಿನ ಬಲ್ಬು ಹೊತ್ತಿಸಿದಷ್ಟು ಭಾರ. ಹ್ಯಾಂಡಲಿನ ಸಣ್ಣ ಸ್ವಿಚ್ಚು, ನೂಲಿನಂಥ ವೈರು ಇದನ್ನು ತಾಳಲಾರವು. ಸ್ವಿಚ್ಚು ಸುಡುತ್ತದೆ, ವೈರಿನ ಹೊದಿಕೆ ಕರಗುತ್ತದೆ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಗಾಡಿಗಳನ್ನು ಜತನದಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ. ಆ ಜಾವಾಗಳದು 6 ವೋಲ್ಟಿನ ವ್ಯವಸ್ಥೆ. 12 ವೋಲ್ಟಿನ ಹಾರ್ನು ಅವುಗಳಿಗೆ ಹೊಂದುವುದೇ ಇಲ್ಲ.

ಇದಕ್ಕೆ ಪರಿಹಾರ ರಿಲೇ ಎಂಬ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿ. ಸ್ವಿಚ್ಚಿನ ಸಣ್ಣ ವಿದ್ಯುತ್ತು ರಿಲೇಯೊಳಗಿನ ಅಯಸ್ಕಾಂತವನ್ನು ಎಬ್ಬಿಸುತ್ತದೆ. ಆ ಅಯಸ್ಕಾಂತ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ಬರುವ ದೊಡ್ಡ ವಿದ್ಯುತ್ತಿಗೆ ಬಾಗಿಲು ತೆರೆಯುತ್ತದೆ. ಬ್ಯಾಟರಿಯ ಪಕ್ಕದಲ್ಲೇ ತಕ್ಕ ಫ್ಯೂಸು ಇರಬೇಕು. ಹಾರ್ನಿನ ಬಾಯಿ ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ನೀರು ಕುಡಿಯುತ್ತದೆ. ಹ್ಯಾಂಡಲು ಪೂರ್ತಿ ತಿರುಗಿದಾಗ ಯಾವುದಕ್ಕೂ ತಾಗಬಾರದು. ಹೊಸ ಗಾಡಿಯ ವೈರು ಕತ್ತರಿಸಿದರೆ ವಾರಂಟಿಗೆ ತೊಡಕಾಗಬಹುದು ಎಂಬುದನ್ನೂ ತಂದೆ ತಾಯಿ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಕಾನೂನಿನ ಗೆರೆ

ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮ ಪ್ರತಿ ವಾಹನಕ್ಕೂ ಹಾರ್ನು ಇರಲೇಬೇಕು ಎನ್ನುತ್ತದೆ. ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ, ಕರ್ಕಶವಾದ, ಅತಿ ಜೋರಾದ, ಜನರನ್ನು ಗಾಬರಿಗೊಳಿಸುವ ಸಾಧನ ಕೂಡದು ಎಂದೂ ಅದೇ ನಿಯಮ ಹೇಳುತ್ತದೆ. ನಾಯಿ ಬೊಗಳುವ, ಮಗು ಅಳುವ ಹಾರ್ನುಗಳೂ ಗಾಳಿಯೊತ್ತಡದ ಹಾರ್ನುಗಳೂ ಈ ಗೆರೆಯ ಆಚೆಗೇ ಬೀಳುತ್ತವೆ. 2019ರ ತಿದ್ದುಪಡಿಯ ನಂತರ, ಅನಗತ್ಯವಾಗಿ ಹಾರ್ನು ಬಾರಿಸಿದರೆ ಕಾಯ್ದೆಯಲ್ಲಿ ಮೊದಲ ಸಲಕ್ಕೆ ಒಂದು ಸಾವಿರ, ಮರುಕಳಿಸಿದರೆ ಎರಡು ಸಾವಿರ ರೂಪಾಯಿ ದಂಡವಿದೆ. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ ನೂರು ಮೀಟರಿನ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಜನವಸತಿಯ ಕಡೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತುರ್ತಿನ ಹೊರತು ಹಾರ್ನು ಸಲ್ಲದು.

ಮೂರನೆಯ ಲೆಕ್ಕ

ದನಿಯ ಲೆಕ್ಕವಾಯಿತು, ದುಡ್ಡಿನ ಲೆಕ್ಕವೂ ಆಯಿತು. ಇನ್ನುಳಿದಿರುವುದು ಹೊತ್ತಿನ ಲೆಕ್ಕ. ಇದೇ ಎಲ್ಲಕ್ಕಿಂತ ಮುಖ್ಯ.

ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಹಾರ್ನಿನ ದನಿ ಐವತ್ತು ಮೀಟರ್ ದೂರದ ಅಜ್ಜಿಯ ಕಿವಿಗೆ ಕಣ್ಣುಮಿಟುಕಿಸುವಷ್ಟರಲ್ಲಿ ಮುಟ್ಟುತ್ತದೆ, ನಿಜ. ಆದರೆ ಅವರು ಕೇಳಿಸಿಕೊಂಡು, ಯಾವ ಕಡೆಯಿಂದ ಬಂತೆಂದು ತಿರುಗಿ ನೋಡಿ, ಕಾಲೆತ್ತಿ ಇಡಲು ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಬೈಕು 25 ಮೀಟರ್ ಬಂದಿರುತ್ತದೆ. ಹಾರ್ನು ಎಷ್ಟೇ ಜೋರಾದರೂ ಆ ಒಂದೂವರೆ ಸೆಕೆಂಡನ್ನು ಕುಗ್ಗಿಸಲಾರದು. ಬೆಚ್ಚಿಬಿದ್ದವರು ಹಿಂದೆ ಸರಿಯುವ ಬದಲು ಮುಂದೆಯೇ ಹೆಜ್ಜೆಯಿಡಬಹುದು. ಒಣ ರಸ್ತೆಯಲ್ಲಿ 60ರ ವೇಗದ ಬೈಕು ಪೂರ್ತಿ ನಿಲ್ಲಲು ಸುಮಾರು 40 ಮೀಟರ್ ಬೇಕು. ವೇಗ 30ಕ್ಕೆ ಇಳಿದಿದ್ದರೆ ಸುಮಾರು 14 ಮೀಟರ್ ಸಾಕು. ಹಾರ್ನಿಗೆ ಹಾಕುವ ದುಡ್ಡನ್ನು ಮೊದಲು ಬ್ರೇಕಿಗೆ, ಟೈರಿಗೆ, ಹೆಲ್ಮೆಟ್ಟಿಗೆ ಹಾಕು ಎಂದು ಅಪ್ಪ ಹೇಳಿದರೆ ಅದು ಜಿಪುಣತನವಲ್ಲ, ಗಣಿತ.

ಕಾಡಿನ ಕಿವಿ

ಧನಗೆರೆಯ ಹುಡುಗರು ರಜೆ ಸಿಕ್ಕರೆ ಬೈಕೇರುವುದು ಬೆಟ್ಟದ ಕಡೆಗೆ. ಯಳಂದೂರಿನಿಂದ ಮೇಲೇರುವ ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾದದ್ದು 2013ರಲ್ಲಿ. ಎರಡೂ ಆನೆಗಳ ನೆಲೆ. ಮನುಷ್ಯರ ಕಿವಿಗೆ ನಿಲುಕದ, ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಿಮೆ ಕಂಪನದ ದನಿಯಲ್ಲಿ ಆನೆಗಳು ಮಾತಾಡಿಕೊಳ್ಳುತ್ತವೆ ಎಂಬುದರ ಜಾಡನ್ನು ಅಮೆರಿಕದ ಕೇಟಿ ಪೇನ್ ಹಿಡಿದದ್ದು 1984ರಲ್ಲಿ. ಅಷ್ಟು ಸೂಕ್ಷ್ಮ ಕಿವಿಯ ಪ್ರಾಣಿಯೆದುರು ಜೋಡಿ ಹಾರ್ನು ಬಾರಿಸುವುದೆಂದರೆ ಜಗಳಕ್ಕೆ ಕರೆದಂತೆಯೇ. ಅಲ್ಲಿ ಗಾಡಿ ದೂರದಲ್ಲೇ ನಿಲ್ಲಿಸಿ ಕಾಯುವುದೊಂದೇ ದಾರಿ. ಘಾಟಿಯ ಕುರುಡು ತಿರುವಿನಲ್ಲಿ ಮಾತ್ರ ಒಂದು ಚುಟುಕು ಹಾರ್ನು ಎದುರಿನವರಿಗೆ ಉಪಕಾರ. ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದು ನಿಯಮ.

ಶಿವರಾತ್ರಿ ಹತ್ತಿರವಾದಂತೆ ಈ ಸೀಮೆಯ ರಸ್ತೆಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಸಾಲು. ದೂರ ದೂರದ ಊರುಗಳಿಂದ ಹೊರಟು ಹಗಲಿರುಳೂ ನಡೆಯುವ ಜನ. ಕಾಲಲ್ಲಿ ಬೊಬ್ಬೆ, ಕಣ್ಣಲ್ಲಿ ನಿದ್ದೆ, ಹೆಗಲ ಮೇಲೆ ಗಂಟು. ಅವರ ಬೆನ್ನಿಗೆ ಏಕಾಏಕಿ ನೂರಿಪ್ಪತ್ತು ಡೆಸಿಬೆಲ್ ಅಪ್ಪಳಿಸಿದರೆ ಹೇಗಾದೀತು? ಅದೇ ಜಾಗದಲ್ಲಿ ವೇಗ ತಗ್ಗಿಸಿ, ಸಾಕಷ್ಟು ದೂರದಿಂದಲೇ ಒಮ್ಮೆ ಮೆಲ್ಲಗೆ ಒತ್ತಿ ನೋಡಿ. ಸಾಲು ತಾನಾಗಿ ಎಡಕ್ಕೆ ಸರಿಯುತ್ತದೆ. “ನಿಧಾನಕ್ಕೆ ಹೋಗಪ್ಪ” ಎಂದು ಯಾರೋ ಕೈಯೆತ್ತುತ್ತಾರೆ.

ಹುಲಿಯೇರಿ ಬೆಟ್ಟ ಸುತ್ತಿದ ದೇವರ ಸೀಮೆ ಇದು. ಇಲ್ಲಿ ದಾರಿ ಬಿಡಿಸಿಕೊಳ್ಳಲು ಅಷ್ಟು ದನಿ ಸಾಕು.