ಮೊದಲ ಭೇಟಿಗೆ ಎದುರುಬದುರು ಕುರ್ಚಿ ಬೇಡ

ಮೈಸೂರಿನಲ್ಲಿ ಯಾರನ್ನಾದರೂ ಮೊದಲ ಸಲ ಭೇಟಿಯಾಗಬೇಕು ಅಂದ್ರೆ ಮೊದಲು ಲೆಕ್ಕ ಹಾಕಬೇಕಾದ್ದು ಅಂಕಲ್‌ಗಳನ್ನ. ಯಾವ ಮೂಲೆಯಲ್ಲಿ ಕೂತರೂ ಅಪ್ಪನ ಹಳೇ ಸಹೋದ್ಯೋಗಿಯೋ, ಅಮ್ಮನ ಭಜನೆ ಗುಂಪಿನವರೋ, ಹೈಸ್ಕೂಲಿನ ಗಣಿತದ ಮೇಷ್ಟ್ರೋ ಎದುರಾಗೇ ಆಗ್ತಾರೆ. ಬೆಂಗಳೂರಿನಲ್ಲಿ ಆರು ವರ್ಷ ಕೋಡ್ ಬರೆದು, ವರ್ಕ್ ಫ್ರಮ್ ಹೋಮ್ ಸಿಕ್ಕಿದ್ದೇ ತಡ ಕುವೆಂಪುನಗರದ ಮನೆಗೆ ವಾಪಸ್ ಬಂದವಳು ನಾನು. ವಯಸ್ಸು ಮೂವತ್ತು. ಮ್ಯಾಟ್ರಿಮೊನಿ ಪ್ರೊಫೈಲ್ ಅಪ್ಪ ನೋಡಿಕೊಳ್ತಾರೆ. ಫೋನಿನಲ್ಲಿರೋ ಡೇಟಿಂಗ್ ಆ್ಯಪ್ ನಾನು ನೋಡಿಕೊಳ್ತೀನಿ. ಎರಡೂ ಕಡೆ ಫಲಿತಾಂಶ ಒಂದೇ ಆಗಿತ್ತು.

ಮೊದಲ ಎರಡು ಭೇಟಿಗೆ ನಾನು ಆರಿಸಿದ್ದು ರಿಂಗ್ ರೋಡ್ ಹತ್ತಿರದ ಒಂದು ಎಸಿ ಕೆಫೆ. ಕಾರಣ ಕಾಫಿಯಲ್ಲ, ಅಲ್ಲಿ ಪರಿಚಯದವರು ಬರೋಲ್ಲ ಅನ್ನೋದು. ಮನೆಯಲ್ಲಿ ‘ಟೀಮ್ ಲಂಚ್’ ಅಂತ ಸುಳ್ಳು ಹೇಳಿ ಹೊರಟಿದ್ದೆ. ಎದುರುಬದುರು ಕುರ್ಚಿ, ನಡುವೆ ಒಂದು ಪುಟ್ಟ ಟೇಬಲ್. ಮಾತು ನಿಂತಾಗ ಇಬ್ಬರೂ ಲೋಟದೊಳಗೆ ಇಣುಕಿ ನೋಡೋದು. ಎರಡನೇ ಭೇಟಿಯಲ್ಲಿ ಮೌನ ತಡೆಯೋಕಾಗದೆ ನಾನೇ ಕೇಳಿಬಿಟ್ಟೆ: “ಇನ್ನೈದು ವರ್ಷದಲ್ಲಿ ನೀವು ಎಲ್ಲಿರ್ತೀರಿ ಅಂತ ಅನಿಸುತ್ತೆ?” ಕೇಳಿದ ಮರುಕ್ಷಣವೇ ನಾಚಿಕೆಯಾಯಿತು. ಆಫೀಸಿನಲ್ಲಿ ಫ್ರೆಶರ್ಸ್ ಇಂಟರ್‌ವ್ಯೂ ಮಾಡುವಾಗ ನಾನು ಕೇಳೋ ಪ್ರಶ್ನೆ ಅದು! ಪಾಪ, ಆತ ನೆಟ್ಟಗೆ ಕೂತು ಉತ್ತರ ಕೊಟ್ಟ. ಇಬ್ಬರೂ ಸೆಲೆಕ್ಟ್ ಆಗಲಿಲ್ಲ.

ಮೂರನೆಯವರು ಬ್ಯಾಂಕ್ ಉದ್ಯೋಗಿ. ಕೆಫೆ ಅಂದಾಗ, “ಕೂತು ಕೂತು ಸಾಕಾಗಿದೆ ಕಣ್ರೀ, ಕುಕ್ಕರಹಳ್ಳಿ ಕೆರೆಗೆ ಬರ್ತೀರಾ?” ಅಂತ ಮೆಸೇಜ್ ಹಾಕಿದರು. ನನ್ನ ಎದೆ ಧಸಕ್ ಅಂತು. ಅಪ್ಪ ದಿನಾ ಬೆಳಿಗ್ಗೆ ವಾಕಿಂಗ್ ಹೋಗೋದೇ ಅಲ್ಲಿಗೆ. ಸಂಜೆಯಾದ್ರೆ ಬರ್ತೀನಿ ಅಂದೆ.

ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕೆರೆ ಅದು, ಈಗ ಮಾನಸಗಂಗೋತ್ರಿಯ ಮಗ್ಗುಲಲ್ಲಿದೆ. ಮರಗಳ ನಡುವಿನ ದಾರಿಯಲ್ಲಿ ಪಕ್ಕಪಕ್ಕದಲ್ಲಿ ನಡೆಯುವಾಗ ಒಂದು ವಿಷಯ ಗಮನಕ್ಕೆ ಬಂತು. ಮುಖ ಮುಖ ನೋಡಬೇಕಾದ ಒತ್ತಾಯ ಇಲ್ಲದಿದ್ರೆ ಮಾತು ತಾನಾಗೇ ಬರುತ್ತೆ. ನಿಂತರೂ ತೊಂದರೆಯಿಲ್ಲ. ಹೆಜ್ಜಾರ್ಲೆಯೊಂದು ಭಾರದ ಮೈ ಹೊತ್ತು ನೀರಿಗೆ ಇಳಿಯುವಾಗ ಇಬ್ಬರೂ ಸುಮ್ಮನೆ ನಿಂತು ನೋಡಿದೆವು. ಕೆಫೆಯಲ್ಲಿ ಅಷ್ಟೇ ಹೊತ್ತು ಸುಮ್ಮನಿದ್ದಿದ್ರೆ ‘ಬಿಲ್ ತರಿಸೋಣ್ವಾ’ ಅನ್ನೋ ಹಂತ ಬಂದುಬಿಡ್ತಿತ್ತು.

ಅರ್ಧ ಸುತ್ತು ಮುಗಿಯೋ ಹೊತ್ತಿಗೆ ಹೆದರಿದ್ದೇ ಆಯಿತು. ಅಪ್ಪನ ವಾಕಿಂಗ್ ಸ್ನೇಹಿತರೊಬ್ಬರು, ತಲೆಗೆ ಮಂಕಿ ಕ್ಯಾಪ್, ಎದುರಿಗೇ ಪ್ರತ್ಯಕ್ಷ! “ಏನಮ್ಮಾ, ಅಪ್ಪ ಬಂದಿಲ್ವಾ?” ಅಂತ ನನ್ನನ್ನ ಕೇಳಿದರೂ ಕಣ್ಣು ಇವರ ಮೇಲಿತ್ತು. ಸೋದರತ್ತೆ ಮಗ, ಆಫೀಸ್ ಮ್ಯಾನೇಜರ್, ದಾರಿ ಕೇಳೋಕೆ ಬಂದವರು, ಹೀಗೆ ಮೂರು ಸುಳ್ಳು ಏಕಕಾಲಕ್ಕೆ ನಾಲಿಗೆ ತುದಿಗೆ ಬಂದವು. ಯಾವುದನ್ನೂ ಹೇಳಲಿಲ್ಲ. “ಇವರು ನನ್ನ ಸ್ನೇಹಿತರು ಅಂಕಲ್, ಬ್ಯಾಂಕಲ್ಲಿದಾರೆ” ಅಂದೆ. “ಓ, ಸರಿಯಮ್ಮಾ” ಅಂತ ಅವರು ಮುಂದೆ ಹೋದರು. ಆಕಾಶ ಕಳಚಿ ಬೀಳಲಿಲ್ಲ.

ಅಂಕಲ್ ಹೇಳೋ ಮೊದಲೇ ಅವತ್ತು ರಾತ್ರಿ ಊಟದ ಹೊತ್ತಲ್ಲಿ ನಾನೇ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಅನ್ನ ಕಲಸುತ್ತಲೇ ಇದ್ದರು. ಆಮೇಲೆ ಕೇಳಿದ್ದು ಇಷ್ಟೇ: “ಸಂಜೆ ಹೊತ್ತು ಹಕ್ಕಿ ಜಾಸ್ತಿ ಇರ್ತಾವಾ?”

ಆ ಬ್ಯಾಂಕ್ ಉದ್ಯೋಗಿ ಮತ್ತು ನಾನು ಮೂರು ಸಲ ಭೇಟಿಯಾದೆವು. ಅವರಿಗೆ ಆದಷ್ಟು ಬೇಗ ಮದುವೆಯಾಗಿ ದೆಹಲಿಗೆ ವರ್ಗಾವಣೆ ತಗೊಳ್ಳೋ ಮನಸ್ಸು, ನನಗೆ ಈ ಊರು ಬಿಡೋ ಮನಸ್ಸಿಲ್ಲ. ಕೆರೆ ಏರಿ ಮೇಲೆ ನಡೀತಾ ನಡೀತಾನೇ ಅದನ್ನ ಹೇಳಿಕೊಂಡು, ಗೇಟ್ ಹತ್ತಿರ ಕೈಕುಲುಕಿ ಬೇರೆಯಾದೆವು. ‘ಬೇಡ’ ಅನ್ನೋ ಮಾತೂ ಅಷ್ಟು ಹಗುರವಾಗಿ ಹೇಳಬಹುದು ಅಂತ ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಈಚೆಗೆ ಯಾವ ಜಾಗ ನೋಡಿದ್ರೂ ಮೂರು ಪ್ರಶ್ನೆ ಕೇಳಿಕೊಳ್ತೀನಿ: ಪಕ್ಕಪಕ್ಕ ಇರಬಹುದಾ? ಸುತ್ತ ಜನ ಇದಾರಾ? ಬೇಜಾರಾದ್ರೆ ಅರ್ಧ ಗಂಟೆಯಲ್ಲಿ ಎದ್ದು ಬರಬಹುದಾ?

ಈ ಪರೀಕ್ಷೆಯಲ್ಲಿ ನಮ್ಮೂರಿನ ಕೆಲವು ದೊಡ್ಡ ಹೆಸರುಗಳೇ ಫೇಲ್. 1892ರಲ್ಲಿ ಶುರುವಾದ ಮೃಗಾಲಯ ನನಗೆ ತುಂಬಾ ಇಷ್ಟ, ಆದರೆ ಒಂದು ಸಲ ಒಳಗೆ ಹೊಕ್ಕರೆ ಪೂರ್ತಿ ಸುತ್ತು ಹಾಕಲೇಬೇಕು. ಜಿರಾಫೆ ಹತ್ತಿರವೇ ಮಾತು ಮುಗಿದುಹೋದ್ರೆ ಮುಂದಿನ ಎರಡು ಗಂಟೆ ಏನು ಮಾಡ್ತೀರಿ? ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಕೂಡ ಮೊದಲ ಸಲಕ್ಕೆ ಬೇಡ. ನಂದಿ ತಲುಪೋ ಹೊತ್ತಿಗೆ ಉಸಿರಾಡೋದೇ ಕಷ್ಟ, ಇನ್ನು ಮಾತೆಲ್ಲಿ? ಬೆಟ್ಟಕ್ಕೇ ಹೋಗಬೇಕು ಅಂದ್ರೆ ಸಿಟಿ ಬಸ್ ನಿಲ್ದಾಣದಿಂದ 201 ನಂಬರ್ ಬಸ್ ಹತ್ತಿ. ಸಾದಾ ಬಸ್ಸಾದ್ರೆ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ಸೊನ್ನೆ. ‘ನಿಮ್ಮದು ನೀವೇ ತಗೊಳ್ಳಿ’ ಅಂತ ಅವನಿಗೆ ಹೇಳೋ ಖುಷಿ ಬೇರೆ.

ಮಾತು ಕಮ್ಮಿ ಇರೋರಿಗೆ ರೈಲ್ವೆ ಮ್ಯೂಸಿಯಂ ಒಳ್ಳೇದು. 1979ರಲ್ಲಿ ಶುರುವಾಗಿದ್ದು, ರೈಲ್ವೆ ಸ್ಟೇಷನ್ ಹತ್ತಿರವೇ ಇದೆ. ಹಳೇ ಉಗಿಬಂಡಿಗಳ ಜೊತೆ 1899ರ ಮಹಾರಾಣಿ ಸಲೂನ್ ಬೋಗಿಯೂ ಅಲ್ಲಿದೆ. ಪ್ರಶ್ನೆ ಹುಡುಕಬೇಕಾಗಿಲ್ಲ, ನಿಮ್ಮ ಮೊದಲ ರೈಲು ಪ್ರಯಾಣ ಯಾವುದು ಅಂತ ಕೇಳಿದ್ರೆ ಸಾಕು. ಭಾನುವಾರ ಸಂಜೆ ಏಳರ ಹೊತ್ತಿಗೆ ಅರಮನೆ ದೀಪಾಲಂಕಾರ ನೋಡೋದೂ ಆಗಬಹುದು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬ್ ಒಮ್ಮೆಗೇ ಹೊತ್ತಿಕೊಳ್ಳುವಾಗ ಎಂಥಾ ಗಂಭೀರ ಮನುಷ್ಯನ ಬಾಯಲ್ಲೂ ‘ಆಹಾ’ ಬರುತ್ತೆ. ದೀಪ ಆರಿದ ಮೇಲೆ ಎಲ್ಲರೂ ಮನೆಗೆ ಹೊರಡ್ತಾರೆ, ನೀವೂ ಮುಜುಗರವಿಲ್ಲದೆ ಹೊರಡಬಹುದು. ಎಲ್ಲಿಗೇ ಹೋದ್ರೂ ಒಬ್ಬ ಗೆಳತಿಗೆ ಲೊಕೇಶನ್ ಕಳಿಸಿಟ್ಟಿರಿ, ನಿಮ್ಮ ಗಾಡಿಯಲ್ಲೇ ಹೋಗಿ.

ಆದ್ರೆ ನನ್ನ ಮೆಚ್ಚಿನ ಜಾಗ ದೇವರಾಜ ಮಾರುಕಟ್ಟೆ. ಕಳೆದ ತಿಂಗಳು ಹೊಸಬರೊಬ್ಬರನ್ನ ಭೇಟಿಯಾಗಬೇಕಿತ್ತು. ಪಿಯು ಕಾಲೇಜಲ್ಲಿ ಫಿಸಿಕ್ಸ್ ಲೆಕ್ಚರರ್. ಈ ಸಲ ಮನೆಯಲ್ಲಿ ನಿಜ ಹೇಳಿಯೇ ಹೊರಟೆ. ಚಿಕ್ಕ ಗಡಿಯಾರದ ಹತ್ತಿರ ಸೇರಿ ಒಂದು ಆಟ ಹೂಡಿದೆವು: ಇಬ್ಬರಿಗೂ ಐವತ್ತು ರೂಪಾಯಿ, ಇಪ್ಪತ್ತು ನಿಮಿಷ. ಅಷ್ಟರಲ್ಲಿ ಇನ್ನೊಬ್ಬರಿಗೆ ಇಷ್ಟವಾಗೋ ಏನಾದ್ರೂ ತರಬೇಕು. ಮೈಸೂರು ಮಲ್ಲಿಗೆಯ ಸಾಲು, ಗೋಪುರದ ಹಾಗೆ ಪೇರಿಸಿಟ್ಟ ಅರಿಶಿನ ಕುಂಕುಮ, ಬಾಳೆಹಣ್ಣಿನ ಗೊನೆಗಳು, ತಳ್ಳಾಟ, ಚೌಕಾಸಿ. ನಾನು ಕಡಲೆಕಾಯಿ, ಪೇರಲೆಹಣ್ಣು ತಂದೆ. ಅದರಲ್ಲಿ ಜಾಣತನ ಏನೂ ಇರಲಿಲ್ಲ, ನನಗೆ ಹಸಿವಾಗಿತ್ತು ಅಷ್ಟೇ.

ಅವರು ತಂದಿದ್ದು ಒಂದಿಷ್ಟು ಮೈಸೂರು ಚಿಗುರೆಲೆ.

“ನಾನು ಎಲೆ ಅಡಿಕೆ ಹಾಕಲ್ಲ” ಅಂದೆ, ಸ್ವಲ್ಪ ಪೆಚ್ಚಾಗಿ.

“ಗೊತ್ತು. ಅಜ್ಜಿ ಹಾಕ್ತಾರೆ ಅಂದಿದ್ರಲ್ಲ ಮೊನ್ನೆ ಫೋನಲ್ಲಿ.”

ಅಂದಿದ್ದು ನನಗೇ ಮರೆತುಹೋಗಿತ್ತು. ಅಲ್ಲಿಂದ ನಜರ್‌ಬಾದಿನ ಮೈಲಾರಿಗೆ ಹೋಗಿ, ಗುರುತಿಲ್ಲದ ಇನ್ನಿಬ್ಬರ ಜೊತೆ ಒಂದೇ ಟೇಬಲ್ ಹಂಚಿಕೊಂಡು ಬೆಣ್ಣೆ ಕರಗುತ್ತಿದ್ದ ಮೆತ್ತನೆ ದೋಸೆ ತಿಂದು, ಬಿಲ್ ಅರ್ಧರ್ಧ ಕೊಟ್ಟು ಮನೆಗೆ ಬಂದೆ.

ಎಲೆ ಅಜ್ಜಿಯ ಮುಂದಿಟ್ಟೆ. ಯಾರು ಕೊಟ್ಟಿದ್ದು ಅಂತ ಕೇಳಿದರು, ಹೇಳಿದೆ. ಅಜ್ಜಿ ಒಂದೊಂದೇ ಎಲೆ ತಿರುಗಿಸಿ, ತೊಟ್ಟು ಮುಟ್ಟಿ, ಬೆಳಕಿಗೆ ಹಿಡಿದು ನೋಡಿದರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಅಪ್ಪ ಪೇಪರ್ ಓದೋ ಹಾಗೆ ಕೂತಿದ್ದರು, ಪುಟ ಮಾತ್ರ ತಿರುಗಿಸ್ತಿರಲಿಲ್ಲ.

“ಎಲೆ ಆರಿಸೋಕೆ ಬರುತ್ತೆ ಹುಡುಗನಿಗೆ” ಅಂದರು ಅಜ್ಜಿ.

ಬರೋ ಭಾನುವಾರ ಕೆರೆಗೆ ಹೋಗೋಣ ಅಂದುಕೊಂಡಿದ್ದೀವಿ. ಬೆಳಿಗ್ಗೆಯೇ, ಅಂಕಲ್‌ಗಳೆಲ್ಲ ಇರೋ ಹೊತ್ತಿಗೇ.