ಗೀಸರ್ ಎಲ್ಲಿಟ್ಟಿದ್ದಾರೆ?

ಹಿಮಾಚಲದ ಮಣಿಕರಣದಲ್ಲಿ ಪಾರ್ವತಿ ನದಿ ಕೊರೆಯುವಷ್ಟು ತಣ್ಣಗೆ. ಪಕ್ಕದ ಕುಂಡದಲ್ಲೋ ಕುದಿನೀರು. ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟ ಅಕ್ಕಿ ಬೇಯುತ್ತಿತ್ತು.

"ಅಜ್ಜಿ, ಒಳಗೆ ಗೀಸರ್ ಇಟ್ಟಿದ್ದಾರಾ?" ಎಂದು ಮೊಮ್ಮಗ ಕೈಚಾಚಿದ. ಮೂರು ಸಲ ಮೆತ್ತಗೆ ಬೇಡವೆಂದೆ. ನಾಲ್ಕನೆಯ ಸಲ ರಟ್ಟೆ ಹಿಡಿದೆಳೆದು ಗದರಿದೆ. ಅತ್ತುಬಿಟ್ಟ.

ಸಮಾಧಾನಕ್ಕೆಂದು ಹೇಳತೊಡಗಿದೆ. ಮಳೆ, ಹಿಮದ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿಯುತ್ತದೆ. ಭೂಮಿಯೊಳಗೆ ಇಳಿದಷ್ಟೂ ಬಿಸಿ. ಕಾದ ನೀರು ಹಗುರವಾಗಿ ಮತ್ತೆ ಮೇಲೇರುತ್ತದೆ. ಐಸ್‌ಲ್ಯಾಂಡಿನ ಗೇಸಿರ್ ಎಂಬ ಬುಗ್ಗೆಯಲ್ಲಿ ಮಾತ್ರ ದಾರಿ ಇಕ್ಕಟ್ಟು. ಮೇಲಿನ ನೀರಿನ ಭಾರ ಕೆಳಗಿನದನ್ನು ಕುದಿಯಗೊಡದು. ಕಾವು ಮಿತಿಮೀರಿದಾಗ ಒಮ್ಮೆಲೇ ಆವಿಯಾಗಿ ನೀರನ್ನು ಚಿಮ್ಮಿಸುತ್ತದೆ. ನಮ್ಮ ಬಚ್ಚಲಿನ ಗೀಸರಿಗೂ ಆ ಬುಗ್ಗೆಯದೇ ಹೆಸರು!

"ನಿನ್ನ ಹಾಗೇ ಅಜ್ಜಿ, ತಡೆದೂ ತಡೆದೂ ಒಮ್ಮೆಲೇ!" ಎಂದ, ಮೂಗೊರೆಸಿಕೊಳ್ಳುತ್ತ.

ಅಷ್ಟರಲ್ಲಿ ಅನ್ನ ಬೆಂದಿತ್ತು.